ಬಂಡಿಯ ಗಾಳಿ: ಬೀಸಣಿಗೆಯಿಂದ 12 ವೋಲ್ಟಿನ ಫ್ಯಾನಿನವರೆಗೆ

ಗಾಡಿಯೊಳಗೆ ತಿರುಗುವ ಫ್ಯಾನಿಗೂ ಮನೆಯ ಸೂರಿನಿಂದ ಇಳಿಬಿದ್ದ ಫ್ಯಾನಿಗೂ ಇರುವ ದೊಡ್ಡ ವ್ಯತ್ಯಾಸವನ್ನು ರೆಕ್ಕೆಗಳಲ್ಲಿ ಹುಡುಕಿದರೆ ಸಿಗದು. ಅದಿರುವುದು ರೆಕ್ಕೆಯನ್ನು ತಿರುಗಿಸುವ ಬಲ ಬರುವ ದಾರಿಯಲ್ಲಿ. ಮನೆಯ ಫ್ಯಾನಿಗೆ ಎಲ್ಲೋ ದೂರದ ವಿದ್ಯುದಾಗಾರದಿಂದ ತಂತಿಯ ಮೂಲಕ ಕರೆಂಟು ಬರುತ್ತಲೇ ಇರುತ್ತದೆ. ಎಷ್ಟು ಖರ್ಚಾಯಿತು ಎಂಬುದು ತಿಂಗಳ ಬಿಲ್ಲು ಕೈಗೆ ಬಂದಾಗ ತಿಳಿಯುತ್ತದೆ. ದಾರಿಗೆ ಬಿದ್ದ ಬಂಡಿಗೆ ಆ ಅನುಕೂಲವಿಲ್ಲ. ಅದು ತನ್ನ ಬುತ್ತಿಯನ್ನು ತಾನೇ ಹೊತ್ತು ಹೊರಡಬೇಕು. ಪಲ್ಲಕ್ಕಿಯಿಂದ ಹಿಡಿದು ಇಂದಿನ ಕ್ಯಾಂಪರ್ ವ್ಯಾನಿನವರೆಗೆ ಬಂಡಿಯೊಳಗಿನ ಗಾಳಿಯ ಚರಿತ್ರೆಯೆಂದರೆ ಈ ಬುತ್ತಿಯನ್ನು ಹಿಗ್ಗಿಸುವ, ಇದ್ದುದರಲ್ಲಿ ಸುಧಾರಿಸುವ ಚರಿತ್ರೆ. 12 ವೋಲ್ಟಿನ ಪುಟ್ಟ ಫ್ಯಾನೊಂದನ್ನು ಆರಿಸುವಾಗ ಇಂದು ನೋಡುವ ಅಂಶಗಳೆಲ್ಲ ಆ ಚರಿತ್ರೆಯ ಒಂದೊಂದು ಘಟ್ಟದಲ್ಲಿ ಹುಟ್ಟಿಕೊಂಡಂಥವು.

ತೋಳಿನ ಬಲ

ಬೀಸಣಿಗೆಯಾಗಲಿ ಫ್ಯಾನಾಗಲಿ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ಮೈಯ ಸುತ್ತ ಕಟ್ಟಿಕೊಂಡ ಬೆಚ್ಚನೆಯ, ತೇವದ ಗಾಳಿಯನ್ನು ಸರಿಸಿ ಬೇರೆ ಗಾಳಿಗೆ ಜಾಗ ಮಾಡಿಕೊಡುತ್ತದೆ. ಆಗ ಬೆವರು ಬೇಗ ಆರುತ್ತದೆ. ಒಂದು ಗ್ರಾಂ ಬೆವರು ಆವಿಯಾಗಿ ಹೋಗುವಾಗ ಚರ್ಮದಿಂದ ಸುಮಾರು 2.4 ಕಿಲೋಜೌಲ್ ಶಾಖವನ್ನು ಎಳೆದೊಯ್ಯುತ್ತದೆ. ತಂಪಿನ ಗುಟ್ಟು ಇಷ್ಟೇ. ತಾಳೆಗರಿ, ಬಿದಿರಿನ ಸಿಬಿರು, ನವಿಲುಗರಿಗಳ ಬೀಸಣಿಗೆಗಳು ಈ ಕೆಲಸವನ್ನು ಸಾವಿರಾರು ವರ್ಷ ಮಾಡಿವೆ. ಲಾವಂಚದ ಬೇರಿನಿಂದ ಹೆಣೆದ ಬೀಸಣಿಗೆ ಒಂದು ಹೆಜ್ಜೆ ಮುಂದೆ. ಅದಕ್ಕೆ ನೀರು ಚಿಮುಕಿಸಿದರೆ ಬೇರಿನಲ್ಲಿ ನಿಂತ ನೀರೂ ಆವಿಯಾಗಿ, ಬೀಸಿದ ಗಾಳಿಯೇ ತಂಪಾಗಿ, ಪರಿಮಳ ಹೊತ್ತು ಬರುತ್ತದೆ. ಕಿಟಕಿ ಬಾಗಿಲುಗಳಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಹನಿಸುತ್ತಿದ್ದುದೂ ಇದೇ ಉಪಾಯ.

ಪ್ರಯಾಣದಲ್ಲಿ ಬೀಸಣಿಗೆಯ ಬುತ್ತಿಯೆಂದರೆ ತೋಳು. ಕಮಾನು ಗಾಡಿಯ ಹಿಂದು ಮುಂದು ತೆರೆದಿರುತ್ತಿದ್ದುದರಿಂದ ಎತ್ತುಗಳು ನಡೆಯುತ್ತಿರುವಾಗ ಒಂದಿಷ್ಟು ಗಾಳಿ ತಾನಾಗಿ ಹಾಯುತ್ತಿತ್ತು. ಗಾಡಿ ನಿಂತರೆ ಕೈ ಆಡಬೇಕು. ಕೈ ಸೋತರೆ ಸೆಕೆ ತಡೆಯಬೇಕು. ಸಿರಿವಂತರ ಪಲ್ಲಕ್ಕಿ, ಮೇನೆಗಳಿಗೆ ಬೀಸುವ ಆಳುಗಳಿದ್ದರು ಎಂಬುದಷ್ಟೇ ವ್ಯತ್ಯಾಸ.

ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಕಲ್ಕತ್ತಾದ ಐರೋಪ್ಯರ ಮನೆಗಳಲ್ಲಿ ತೂಗುಪಂಖಾ ಕಾಣಿಸಿಕೊಂಡಿತು. ಚೌಕಟ್ಟಿಗೆ ಬಿಗಿದ ಬಟ್ಟೆಯನ್ನು ಸೂರಿನಿಂದ ತೂಗುಬಿಟ್ಟು, ಅದರ ಹಗ್ಗವನ್ನು ಗೋಡೆಯ ತೂತಿನಿಂದ ಹೊರಗೆ ಹಾಯಿಸಿ, ಜಗಲಿಯಲ್ಲಿ ಕೂತ ಆಳು ಎಳೆದು ಬಿಡುತ್ತಿದ್ದ. ಕಚೇರಿ, ನ್ಯಾಯಾಲಯ, ಚರ್ಚುಗಳಿಗೆಲ್ಲ ಇದು ಹಬ್ಬಿತು. ಕೈ ಸೋತಾಗ ಹಗ್ಗವನ್ನು ಕಾಲ್ಬೆರಳಿಗೆ ಕಟ್ಟಿಕೊಂಡು ಮಲಗಿದಲ್ಲೇ ಎಳೆಯುವುದೂ ಇತ್ತು. ಕೋಣೆಯೊಳಗೆ ಕೂತ ನಾಲ್ಕಾರು ಜನರ ತಂಪಿಗಾಗಿ ಹೊರಗೊಬ್ಬ ಬಿಸಿಲಲ್ಲಿ ಬೆವರುವ ಏರ್ಪಾಟು ಅದು. ಆದರೆ ಬಂಡಿಗೆ ಈ ಪಂಖಾ ಹೊಂದುವಂಥದ್ದಾಗಿರಲಿಲ್ಲ. ತೂಗಲು ಎತ್ತರ ಬೇಕು, ಎಳೆಯುವವನಿಗೆ ಜಾಗ ಬೇಕು, ಬಂಡಿಯ ಕುಲುಕಾಟದಲ್ಲಿ ತೂಗಾಟದ ಲಯ ಕೆಡಬಾರದು.

ಕರೆಂಟು ಮುಟ್ಟದ ಊರುಗಳಿಗಾಗಿ ಮುಂದೆ ಇನ್ನೊಂದು ಉಪಾಯವೂ ಬಂತು. ಬುಡದಲ್ಲಿ ಸೀಮೆಎಣ್ಣೆ ದೀಪ, ಅದರ ಮೇಲೊಂದು ಬಿಸಿಗಾಳಿಯ ಸಣ್ಣ ಎಂಜಿನ್ನು, ಎಂಜಿನ್ನಿಗೆ ಜೋಡಿಸಿದ ರೆಕ್ಕೆ. ದೀಪದ ಕಾವಿಗೆ ಒಳಗಿನ ಗಾಳಿ ಹಿಗ್ಗಿ ಕುಗ್ಗಿ ಚಕ್ರ ತಿರುಗುತ್ತಿತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಇಂಥ ಫ್ಯಾನುಗಳು ಭಾರತದಲ್ಲೂ ಮಾರಾಟವಾದವು. ತಂಪಿಗಾಗಿ ಬೆಂಕಿ ಹೊತ್ತಿಸಬೇಕಾದ ಈ ಯಂತ್ರ ಮೇಜಿನ ಮೇಲೆ ನಡೆದೀತು. ಓಡುವ ಬಂಡಿಯಲ್ಲಿ ಅದನ್ನು ನಂಬುವಂತಿರಲಿಲ್ಲ.

ಕವಲೊಡೆದ ಕರೆಂಟು

ಬಂಡಿಯ ಫ್ಯಾನಿಗೆ ಬೇಕಾದ ಎರಡು ಸಾಮಗ್ರಿಗಳು ಬೇರೆ ಬೇರೆ ಕಡೆ ಸಿದ್ಧವಾದವು. ಮೊದಲನೆಯದು ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಸೀಸದ ತಗಡುಗಳನ್ನು ಆಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಕೋಶವನ್ನು ಮಾಡಿದ. 1881ರಲ್ಲಿ ಕಮೀಲ್ ಫೋರ್ ತಗಡಿಗೆ ಸೀಸದ ಆಕ್ಸೈಡಿನ ಲೇಪ ಹಚ್ಚುವ ವಿಧಾನ ತಂದದ್ದರಿಂದ ಅದು ಕಾರ್ಖಾನೆಯಲ್ಲಿ ತಯಾರಿಸಬಹುದಾದ ಸರಕಾಯಿತು. ಎರಡನೆಯದು ಮೋಟಾರು ಕಟ್ಟಿದ ಫ್ಯಾನು. 1882ರಲ್ಲಿ ಅಮೆರಿಕದ ಸ್ಕೈಲರ್ ವ್ಹೀಲರ್ ಎರಡು ರೆಕ್ಕೆಯ ಮೇಜುಫ್ಯಾನು ಮಾಡಿದ. ಅದೇ ದಶಕದಲ್ಲಿ ಫಿಲಿಪ್ ಡೀಲ್ ಹೊಲಿಗೆ ಯಂತ್ರದ ಮೋಟಾರನ್ನು ಸೂರಿಗೆ ಏರಿಸಿ ಸೀಲಿಂಗ್ ಫ್ಯಾನಿಗೆ ದಾರಿ ಮಾಡಿದ. ಈ ಮೊದಲ ಫ್ಯಾನುಗಳೆಲ್ಲ ನೇರ ವಿದ್ಯುತ್ತಿನವು, ಎಂದರೆ ಡಿಸಿ. ಕಲ್ಕತ್ತಾದಲ್ಲಿ 1899ರಲ್ಲಿ ಕಂಪನಿಯೊಂದು ಮನೆ ಕಚೇರಿಗಳಿಗೆ ಕರೆಂಟು ಕೊಡತೊಡಗಿದಾಗ ಅದೂ ಡಿಸಿಯೇ. ಪಂಖಾ ಎಳೆಯುವವರ ಕೆಲಸವನ್ನು ಕಿತ್ತುಕೊಂಡದ್ದು ಆ ಕರೆಂಟು.

ದೂರಕ್ಕೆ ಕರೆಂಟು ಸಾಗಿಸಬೇಕಾದಾಗ ಲೆಕ್ಕ ಬದಲಾಯಿತು. ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು ಏರಿಸಿ ಇಳಿಸಲು ಬರುವುದು ಪರ್ಯಾಯ ವಿದ್ಯುತ್ತಿನಲ್ಲಿ, ಎಂದರೆ ಎಸಿಯಲ್ಲಿ. ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟು ಹರಿದದ್ದು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು ಎಸಿಯಿಂದಲೇ. ಊರುಗಳೆಲ್ಲ ಕ್ರಮೇಣ ಎಸಿಗೆ ತಿರುಗಿದವು, ಮನೆಯ ಫ್ಯಾನುಗಳೂ ತಿರುಗಿದವು. ಬಂಡಿ ಮಾತ್ರ ಡಿಸಿಯಲ್ಲೇ ಉಳಿಯಿತು. ಬ್ಯಾಟರಿಯಲ್ಲಿ ಕೂಡಿಡಲು ಬರುವುದು ಡಿಸಿ ಒಂದೇ. ಅದರಿಂದ ಹೊರಬರುವುದೂ ಡಿಸಿಯೇ. ಹೀಗೆ ಫ್ಯಾನುಗಳ ವಂಶ ಎರಡಾಗಿ ಕವಲೊಡೆಯಿತು.

ಹಳಿಯ ಮೇಲಿನ ಫ್ಯಾನು

ಬ್ಯಾಟರಿಯ ಕರೆಂಟನ್ನು ಪ್ರಯಾಣಿಕರಿಗೆ ಮೊದಲು ಉಣಬಡಿಸಿದ್ದು ರೈಲು. 1881ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ಹೋಗುವ ಪುಲ್‌ಮನ್ ಬೋಗಿಯೊಂದಕ್ಕೆ ಫೋರ್ ಬ್ಯಾಟರಿಗಳಿಂದ ದೀಪ ಹಾಕಲಾಯಿತು. ನಿಲ್ದಾಣದಲ್ಲಿ ಚಾರ್ಜು ಮಾಡಿಕೊಂಡು ಹೊರಟ ಬ್ಯಾಟರಿ ದಾರಿಯಲ್ಲಿ ಬರಿದಾಗುತ್ತಾ ಹೋಗುತ್ತಿತ್ತು. ಚಕ್ರದ ಅಚ್ಚಿನಿಂದಲೇ ಕರೆಂಟು ತೆಗೆಯುವ ಏರ್ಪಾಟನ್ನು 1890ರ ದಶಕದಲ್ಲಿ ಇಂಗ್ಲೆಂಡಿನ ಸ್ಟೋನ್ ಕಂಪನಿ ಬಳಕೆಗೆ ತಂದಿತು. ಬೋಗಿಯ ತಳದಲ್ಲಿ ಡೈನಮೋ ತೂಗುತ್ತದೆ; ಅಚ್ಚಿನಿಂದ ಅದಕ್ಕೊಂದು ಬೆಲ್ಟು. ರೈಲು ಜೋರು ಹಿಡಿದಂತೆ ಡೈನಮೋ ಮಿತಿಮೀರಿ ತಿರುಗಿದರೆ ದೀಪ ಸುಟ್ಟುಹೋಗುತ್ತದಲ್ಲ? ಅದಕ್ಕಾಗಿ ಡೈನಮೋವನ್ನು ಅದರ ತೂಕವೇ ಬೆಲ್ಟನ್ನು ಬಿಗಿಹಿಡಿಯುವ ಹಾಗೆ ನೇತುಹಾಕಿದ್ದರು. ವೇಗ ಒಂದು ಹದ ದಾಟಿದರೆ ಬೆಲ್ಟು ಜಾರುತ್ತಿತ್ತು, ಡೈನಮೋ ತನ್ನ ವೇಗದಲ್ಲೇ ಉಳಿಯುತ್ತಿತ್ತು. ರೈಲು ನಿಂತಾಗ ಬ್ಯಾಟರಿ ಕೈಹಿಡಿಯುತ್ತಿತ್ತು. ಓಡುವಾಗ ಗಳಿಸು, ನಿಂತಾಗ ಖರ್ಚುಮಾಡು ಎಂಬ ಈ ಸೂತ್ರವನ್ನು ಇಂದಿನ ಕ್ಯಾಂಪರ್ ವ್ಯಾನೂ ಪಾಲಿಸುತ್ತದೆ.

ಭಾರತದಲ್ಲಿ ಬೋಗಿಗಳಿಗೆ ವಿದ್ಯುದ್ದೀಪವನ್ನು ಕಾಯಂ ಸೌಕರ್ಯವಾಗಿ ಅಳವಡಿಸಿದ ಮೊದಲ ರೈಲ್ವೆ ಜೋಧಪುರದ್ದು, 1902ರಲ್ಲಿ. ದೀಪದ ಹಿಂದೆಯೇ ಫ್ಯಾನು ಬಂತು, ಆದರೆ ಮೇಲಿನ ದರ್ಜೆಗಳಿಗೆ. 1934ರಲ್ಲಿ ಫ್ರಾಂಟಿಯರ್ ಮೇಲ್‌ನ ಸಿರಿವಂತ ಪ್ರಯಾಣಿಕರಿಗೆ ಮಂಜುಗಡ್ಡೆಯ ಮೇಲೆ ಹಾಯ್ದು ಬಂದ ಗಾಳಿ ಸಿಗುತ್ತಿದ್ದಾಗ, ಮೂರನೇ ದರ್ಜೆಯವರಿಗೆ ಕಿಟಕಿ, ಕೈಯ ಬೀಸಣಿಗೆ, ನೀರಿನ ಕೂಜಾಗಳೇ ಗತಿ. ಎಲ್ಲ ದರ್ಜೆಗಳಲ್ಲೂ ದೀಪ, ಫ್ಯಾನು ಇರಬೇಕೆಂದು ತೀರ್ಮಾನವಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಆ ಹೊತ್ತಿಗೆ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ವಿಮಾನದ ಕೆಲಸದ ಜತೆಗೆ ಲೋಹದ ಮೂರನೇ ದರ್ಜೆ ಬೋಗಿಗಳನ್ನೂ ಕಟ್ಟುತ್ತಿತ್ತು. ಆ ಕೆಲಸವೇ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ಗೆ ಹೋಯಿತು.

ಬೋಗಿಗೆ ಎರಡೋ ನಾಲ್ಕೋ ದೀಪವಿದ್ದಾಗ 24 ವೋಲ್ಟು ಸಾಕಾಗಿತ್ತು. ಹತ್ತಾರು ಫ್ಯಾನುಗಳು ಸೇರಿದಾಗ ಸಾಲದಾಯಿತು. 60 ವ್ಯಾಟಿನ ಹೊರೆಗೆ 24 ವೋಲ್ಟಿನಲ್ಲಿ 2.5 ಆಂಪಿಯರ್ ಕರೆಂಟು ಹರಿಯಬೇಕು. 110 ವೋಲ್ಟಿನಲ್ಲಿ ಅರ್ಧ ಆಂಪಿಯರಿಗಿಂತ ತುಸು ಹೆಚ್ಚಾದರೆ ಸಾಕು. ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ ಅದೇ ತಂತಿಯಲ್ಲಿ 24ರ ಬದಲು 110 ವೋಲ್ಟು ಹರಿಸಿದರೆ ಪೋಲು ಸುಮಾರು 21ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಭಾರತೀಯ ರೈಲ್ವೆ 110 ವೋಲ್ಟು ಡಿಸಿಗೆ ಬಂದದ್ದಕ್ಕೆ ಕಾರಣ ಈ ಲೆಕ್ಕ. ರೈಲಿನ ಫ್ಯಾನನ್ನು ಬಿಚ್ಚಿಕೊಂಡು ಹೋದವರಿಗೆ ಅದು ಮನೆಯ 230 ವೋಲ್ಟು ಎಸಿಯಲ್ಲಿ ಉಪಯೋಗಕ್ಕೆ ಬಾರದಿದ್ದುದು ಅದರ ಅಡ್ಡಲಾಭ.

ರೈಲಿನ ಫ್ಯಾನನ್ನು ಹತ್ತಿರದಿಂದ ನೋಡಿದವರಿಗೆ ಒಂದು ದೃಶ್ಯ ಗುರುತಿದೆ. ಸ್ವಿಚ್ಚು ಹಾಕಿದರೂ ಫ್ಯಾನು ಕದಲುವುದಿಲ್ಲ. ಮೇಲಿನ ಬರ್ತಿನವರೊಬ್ಬರು ಜೇಬಿನಿಂದ ಬಾಚಣಿಗೆಯನ್ನೋ ಪೆನ್ನನ್ನೋ ತೆಗೆದು, ದುಂಡು ಜಾಲರಿಯ ಸಂದಿನಲ್ಲಿ ತೂರಿಸಿ, ರೆಕ್ಕೆಯನ್ನು ಒಮ್ಮೆ ತಳ್ಳುತ್ತಾರೆ. ಫ್ಯಾನು ಮುನಿಸು ಬಿಟ್ಟಂತೆ ತಿರುಗತೊಡಗುತ್ತದೆ. ಇದಕ್ಕೆ ಕಾರಣ ಹಳೆಯ ಡಿಸಿ ಮೋಟಾರಿನ ಹೊಟ್ಟೆಯಲ್ಲಿದೆ. ಅದರಲ್ಲಿ ತಿರುಗುವ ಸುರುಳಿಗಳಿಗೆ ಕರೆಂಟು ದಾಟುವುದು ಕಮ್ಯುಟೇಟರ್ ಎಂಬ ತಾಮ್ರದ ಪಟ್ಟಿಗಳ ಉರುಳೆಯ ಮೂಲಕ. ಉರುಳೆಯನ್ನು ಒತ್ತಿಕೊಂಡು ಇಂಗಾಲದ ಎರಡು ಬ್ರಷ್ಷುಗಳು ಕೂತಿರುತ್ತವೆ. ಬ್ರಷ್ಷು ಸವೆದು, ಪಟ್ಟಿಗೆ ಮಸಿ ಹಿಡಿದು, ಫ್ಯಾನು ಆ ಮಸಿಯ ಜಾಗದಲ್ಲೇ ನಿಂತಿದ್ದರೆ ಕರೆಂಟು ದಾಟುವುದಿಲ್ಲ. ಬೇರಿಂಗಿನ ಗ್ರೀಸು ಒಣಗಿದ್ದರೆ, ಬ್ಯಾಟರಿ ಬಳಲಿದ್ದರೆ ಹೊರಡುವ ಬಲವೂ ಸಾಲದು. ಬಾಚಣಿಗೆಯ ಒಂದು ನೂಕಿಗೆ ಬ್ರಷ್ಷು ಪಕ್ಕದ ಪಟ್ಟಿಗೆ ಜಾರುತ್ತದೆ, ಸಂಪರ್ಕ ಕೂಡುತ್ತದೆ. ಬಂಡಿಯ ಫ್ಯಾನಿನ ದೊಡ್ಡ ದೌರ್ಬಲ್ಯ ಈ ಬ್ರಷ್ಷೇ ಆಗಿತ್ತು.

ರಸ್ತೆಗಿಳಿದ ಮನೆ

ಸುತ್ತಾಟಕ್ಕೆಂದೇ ಕಟ್ಟಿಸಿದ ಗಾಲಿಮನೆಯ ಚರಿತ್ರೆಯನ್ನು ಸಾಮಾನ್ಯವಾಗಿ 1885ರಿಂದ ಹೇಳುತ್ತಾರೆ. ಸ್ಕಾಟ್ಲೆಂಡಿನ ವೈದ್ಯ, ಲೇಖಕ ಗಾರ್ಡನ್ ಸ್ಟೇಬಲ್ಸ್ ಬ್ರಿಸ್ಟಲ್ಲಿನ ವ್ಯಾಗನ್ ಕಾರ್ಖಾನೆಯಲ್ಲಿ ‘ದಿ ವಾಂಡರರ್’ ಎಂಬ ಎರಡು ಕುದುರೆಯ ಗಾಡಿಯನ್ನು ಕಟ್ಟಿಸಿಕೊಂಡು ಪ್ರವಾಸ ಹೊರಟ. ಇಂಗ್ಲೆಂಡಿನ ಹವೆಗೆ ಅದರಲ್ಲಿ ಗಾಳಿಯ ಚಿಂತೆ ಇರಲಿಲ್ಲ. ಎಂಜಿನ್ನಿನ ಬಂಡಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದು, ಪ್ರತಿ ಕಾರಿನಲ್ಲೂ ಬ್ಯಾಟರಿ ಇರುವುದು ವಾಡಿಕೆಯಾಯಿತು. ಬ್ಯಾಟರಿ ಇದ್ದಲ್ಲಿ ದೀಪ, ಹಾರನ್ನು, ಪುಟ್ಟ ಫ್ಯಾನು ಒಂದೊಂದಾಗಿ ಸೇರಿಕೊಂಡವು.

ಸೀಸದ ಒಂದು ಕೋಶ ಕೊಡುವುದು ಸುಮಾರು 2 ವೋಲ್ಟು. ಹಳೆಯ ಕಾರುಗಳಲ್ಲಿ ಮೂರು ಕೋಶಗಳ 6 ವೋಲ್ಟಿನ ಬ್ಯಾಟರಿ ಇರುತ್ತಿತ್ತು. 1950ರ ದಶಕದಲ್ಲಿ ಅಮೆರಿಕದ ಕಾರುಗಳ ಎಂಜಿನ್ನುಗಳು ದೊಡ್ಡದಾಗಿ, ಅವನ್ನು ಸ್ಟಾರ್ಟು ಮಾಡಲು ಹೆಚ್ಚು ಬಲ ಬೇಕಾದಾಗ ಆರು ಕೋಶಗಳ 12 ವೋಲ್ಟು ನೆಲೆಯೂರಿತು. ರೈಲು 24ರಿಂದ 110ಕ್ಕೆ ಹೋದ ತರ್ಕವೇ ಇಲ್ಲಿಯೂ: ವೋಲ್ಟೇಜು ಇಮ್ಮಡಿಯಾದರೆ ಕರೆಂಟು ಅರ್ಧ. ಜರ್ಮನಿಯಲ್ಲಿ 1951ರಿಂದ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಇಡಬಹುದಾದ ಕ್ಯಾಂಪಿಂಗ್ ಪೆಟ್ಟಿಗೆಗಳನ್ನು ಮಾಡಿತು. ಆ ವ್ಯಾನು 6ರಿಂದ 12 ವೋಲ್ಟಿಗೆ ಬಂದದ್ದು 1967ರ ಸುಮಾರಿಗೆ. ಭಾರಿ ಲಾರಿ ಬಸ್ಸುಗಳು ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟಿಗೆ ಹೋದವು.

ಕ್ಯಾಂಪರಿನಲ್ಲಿ ಮೂರು ಏರ್ಪಾಟುಗಳು ಕ್ರಮೇಣ ರೂಢಿಯಾದವು. ಒಂದು, ಎಂಜಿನ್ನಿನ ಬ್ಯಾಟರಿ ಬೇರೆ, ಮನೆವಾರ್ತೆಯ ಬ್ಯಾಟರಿ ಬೇರೆ. ರಾತ್ರಿಯಿಡೀ ಫ್ಯಾನು ತಿರುಗಿ ಬ್ಯಾಟರಿ ಬರಿದಾದರೂ ಬೆಳಗ್ಗೆ ಬಂಡಿ ಸ್ಟಾರ್ಟಾಗಬೇಕಲ್ಲ! ಎರಡು, ಅಮೆರಿಕದ ಬಂಡಿಗಳ ಸೂರಿನಲ್ಲಿ 14 ಇಂಚು ಚೌಕದ ಗವಾಕ್ಷಿ. ಬಿಸಿಗಾಳಿ ಮೇಲಕ್ಕೇರುವುದರಿಂದ ಸೂರಿನ ಫ್ಯಾನು ಅದನ್ನು ಹೊರಗೆ ತಳ್ಳುತ್ತದೆ, ತೆರೆದ ಕಿಟಕಿಯಿಂದ ಹೊರಗಿನ ಗಾಳಿ ಒಳಬರುತ್ತದೆ. ಮೂರು, ಡ್ಯಾಶ್‌ಬೋರ್ಡಿನ ಸಿಗರೇಟ್ ಲೈಟರಿನ ಗುಳಿ. ಸಿಗರೇಟು ಹಚ್ಚಲು ಬಂದ ಆ ಗುಳಿ, ಸೇದುವವರು ಕಡಿಮೆಯಾದಂತೆ, ಸಣ್ಣಪುಟ್ಟ ಸಾಧನಗಳ 12 ವೋಲ್ಟಿನ ಸಾಕೆಟ್ಟಾಗಿ ಉಳಿದುಕೊಂಡಿತು.

ಭಾರತದಲ್ಲಿ ಈ ಫ್ಯಾನು ಬೆಳೆದದ್ದು ಮೋಜಿನ ಪ್ರವಾಸಕ್ಕಿಂತ ದುಡಿಮೆಯ ಬಂಡಿಗಳಲ್ಲಿ. ಅಂಬಾಸಿಡರ್ ಟ್ಯಾಕ್ಸಿಯ ಡ್ಯಾಶ್‌ಬೋರ್ಡು, ಬಸ್ಸು ಚಾಲಕರ ತಲೆಯ ಪಕ್ಕ, ಎಂಜಿನ್ನಿನ ಕಾವಿಗೆ ಕುದಿಯುವ ಲಾರಿಯ ಕ್ಯಾಬಿನ್ನು ಇದರ ನೆಲೆಗಳು. ಬಿಡಿಭಾಗದ ಅಂಗಡಿಯಲ್ಲಿ 12 ವೋಲ್ಟಿನದೋ 24ರದೋ ಎಂದು ಮೊದಲು ಕೇಳುತ್ತಾರೆ. 12ರ ಫ್ಯಾನನ್ನು 24ಕ್ಕೆ ಕೊಟ್ಟರೆ ಅದು ಸುಟ್ಟುಹೋದೀತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು ಕೇಂದ್ರ ಸರ್ಕಾರ 2023ರಲ್ಲಿ ಅಧಿಸೂಚನೆ ಹೊರಡಿಸಿತು. ಅದಕ್ಕೂ ಹಿಂದಿನ ಲಕ್ಷಾಂತರ ಲಾರಿಗಳಲ್ಲಿ ಪುಟ್ಟ ಫ್ಯಾನೇ ಆಸರೆ.

ಬ್ರಷ್ಷು ಹೋಯಿತು, ಬಿಸಿಲು ಬಂತು

ಬ್ರಷ್ಷಿನ ತೊಡಕಿಗೆ ಪರಿಹಾರ ಟ್ರಾನ್ಸಿಸ್ಟರಿನ ಕಾಲದಲ್ಲಿ ಸಿಕ್ಕಿತು. 1962ರಲ್ಲಿ ವಿಲ್ಸನ್ ಮತ್ತು ಟ್ರಿಕಿ ಎಂಬ ಎಂಜಿನಿಯರುಗಳು ಕಮ್ಯುಟೇಟರಿನ ಕೆಲಸವನ್ನು ಎಲೆಕ್ಟ್ರಾನಿಕ್ ಸ್ವಿಚ್ಚುಗಳಿಗೆ ವಹಿಸಿದ ಡಿಸಿ ಯಂತ್ರವನ್ನು ವಿವರಿಸಿದರು. ಇದರಲ್ಲಿ ತಿರುಗುವುದು ಅಯಸ್ಕಾಂತ, ನಿಂತಿರುವುದು ಸುರುಳಿ. ಉಜ್ಜಿ ಸವೆಯುವ ಭಾಗ ಬೇರಿಂಗ್ ಒಂದೇ. 1980ರ ದಶಕದಲ್ಲಿ ನಿಯೋಡಿಮಿಯಮ್ ಅಯಸ್ಕಾಂತ ಬಂದಾಗ ಮೋಟಾರು ಇನ್ನಷ್ಟು ಚಿಕ್ಕದಾಗಿ, ಬಲಿಷ್ಠವಾಯಿತು. ಕಂಪ್ಯೂಟರಿನ ಡಬ್ಬಿಯೊಳಗೆ ಸದ್ದಿಲ್ಲದೆ ತಿರುಗುವ 120 ಮಿಲಿಮೀಟರಿನ ಚೌಕ ಫ್ಯಾನು ಇದೇ ಜಾತಿಯದು, ಅದೂ 12 ವೋಲ್ಟಿನದೇ. ಹಾಗಾಗಿ ಅದು ಎಷ್ಟೋ ಬಂಡಿಗಳ ಕಿಟಕಿಗೂ ಏರಿತು. ಮನೆಯ ಸೀಲಿಂಗ್ ಫ್ಯಾನಿನಲ್ಲಿ ಇತ್ತೀಚೆಗೆ ಹೆಸರಾಗಿರುವ ಬಿಎಲ್‌ಡಿಸಿ, ಎಂದರೆ ಬ್ರಷ್ಷಿಲ್ಲದ ಡಿಸಿ ಮೋಟಾರೂ, ಇದೇ. ಹಳೆಯ ಫ್ಯಾನು ಸುಮಾರು 75 ವ್ಯಾಟು ತಿನ್ನುತ್ತಿದ್ದ ಜಾಗದಲ್ಲಿ ಅದು 30ರ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಕವಲೊಡೆದ ವಂಶಗಳು ನೂರು ವರ್ಷದ ಮೇಲೆ ಮತ್ತೆ ಒಂದೇ ಮೋಟಾರಿಗೆ ಬಂದು ಸೇರಿದವು.

ಬುತ್ತಿಯ ಕಡೆಯೂ ಎರಡು ಬದಲಾವಣೆಗಳಾದವು. ಅಮೆರಿಕದ ಬೆಲ್ ಪ್ರಯೋಗಾಲಯ 1954ರಲ್ಲಿ ಸಿಲಿಕಾನ್ ಸೌರಕೋಶವನ್ನು ತೋರಿಸಿತು. ಬಂಡಿ ನಿಂತಿರುವಾಗಲೂ ಗಳಿಕೆ ಸಾಧ್ಯ ಎಂದಾದದ್ದು ಅದರಿಂದ. ಕರ್ನಾಟಕದ ಹಳ್ಳಿಗಳಲ್ಲಿ ಇದನ್ನು ಮನೆಮಾತು ಮಾಡಿದ್ದರಲ್ಲಿ 1995ರಲ್ಲಿ ಹರೀಶ್ ಹಂದೆಯವರು ಕಟ್ಟಿದ ಸೆಲ್ಕೋ ಸಂಸ್ಥೆಯ ಪಾಲು ದೊಡ್ಡದು. ಸೂರಿನ ಮೇಲೊಂದು ಫಲಕ, ಮೂಲೆಯಲ್ಲೊಂದು ಬ್ಯಾಟರಿ, ನಾಲ್ಕು ದೀಪ, ಬೇಕಾದರೊಂದು ಡಿಸಿ ಫ್ಯಾನು: ಕರೆಂಟಿಲ್ಲದ ಮಲೆನಾಡಿನ ಮನೆಯ ಈ ಸಜ್ಜಿಗೂ ಕ್ಯಾಂಪರಿನ ಸಜ್ಜಿಗೂ ಮೂಲದಲ್ಲಿ ವ್ಯತ್ಯಾಸವಿಲ್ಲ. ಎರಡನೆಯ ಬದಲಾವಣೆ ಲಿಥಿಯಂ ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿಯ ಬೆನ್ನಿಗೆ ಲಿಥಿಯಂ ಐರನ್ ಫಾಸ್ಫೇಟ್ ಬಂತು. ಅದರ ಕೋಶ 3.2 ವೋಲ್ಟು, ನಾಲ್ಕು ಸೇರಿದರೆ 12.8. ಹಳೆಯ ಆರು ಸೀಸದ ಕೋಶಗಳ ಜಾಗದಲ್ಲಿ ಅದು ಸಲೀಸಾಗಿ ಕೂರುತ್ತದೆ.

ಆಯ್ಕೆಯ ಲೆಕ್ಕ

ಇಷ್ಟೆಲ್ಲದರ ಫಲವಾಗಿ ಇಂದಿನ ಆಯ್ಕೆ ನಾಲ್ಕು ಲೆಕ್ಕಗಳಿಗೆ ಇಳಿದಿದೆ. ಮೊದಲನೆಯದು ವೋಲ್ಟೇಜು. ಬಂಡಿ 12ರದೋ 24ರದೋ ನೋಡಬೇಕು. ಎಂಜಿನ್ನು ಓಡುವಾಗ ‘12 ವೋಲ್ಟಿನ’ ಬಂಡಿಯಲ್ಲಿ 14ಕ್ಕೂ ಹೆಚ್ಚು ವೋಲ್ಟು ಇರುವುದರಿಂದ ಫ್ಯಾನು ಅದನ್ನೂ ತಾಳುವಂತಿರಬೇಕು. ಯುಎಸ್‌ಬಿ ಫ್ಯಾನಾದರೆ 5 ವೋಲ್ಟು; ಮೊದಲ ಕಾಲದ ಯುಎಸ್‌ಬಿ ಗುಳಿ ಕೊಡುತ್ತಿದ್ದುದು ಎರಡೂವರೆ ವ್ಯಾಟು ಮಾತ್ರ, ಮುಖದ ಹತ್ತಿರ ಇಟ್ಟುಕೊಂಡರಷ್ಟೇ ಅದರ ಗಾಳಿ ತಾಗುತ್ತದೆ.

ಎರಡನೆಯದು ರಾತ್ರಿಯ ಖರ್ಚು. ಅರ್ಧ ಆಂಪಿಯರ್ ಎಳೆಯುವ 12 ವೋಲ್ಟಿನ ಫ್ಯಾನು 6 ವ್ಯಾಟಿನದು. ಎಂಟು ತಾಸು ತಿರುಗಿದರೆ 4 ಆಂಪಿಯರ್-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಆದ್ದರಿಂದ ಯುಪಿಎಸ್‌ನೊಳಗಿನ 7 ಆಂಪಿಯರ್-ಅವರಿನ ಪುಟ್ಟ ಬ್ಯಾಟರಿ ಒಂದು ರಾತ್ರಿಗೆ ತುಸು ಸಾಲದು. 100ರ ದೊಡ್ಡ ಬ್ಯಾಟರಿ ಹನ್ನೆರಡು ರಾತ್ರಿ ತೂಗಿಸುತ್ತದೆ. ಅದೇ ಫ್ಯಾನಿಗೆ ಹಗಲು ಚೆನ್ನಾಗಿ ಬಿಸಿಲು ಕಾಯ್ದ 20 ವ್ಯಾಟಿನ ಸೌರಫಲಕ ಸಾಕು. ಮನೆಯ ಟೇಬಲ್ ಫ್ಯಾನನ್ನು ಇನ್ವರ್ಟರಿನ ಮೂಲಕ ತಿರುಗಿಸಿದರೆ ಸುಮಾರು 50 ವ್ಯಾಟಿನ ಜತೆಗೆ ಡಿಸಿಯನ್ನು ಎಸಿ ಮಾಡುವ ಪೋಲೂ ಸೇರಿ, ಬುತ್ತಿ ಅರ್ಧ ದಾರಿಯಲ್ಲೇ ಮುಗಿಯುತ್ತದೆ. ವೇಗ ತಗ್ಗಿಸುವುದು ದೊಡ್ಡ ಉಳಿತಾಯ: ಗಾಳಿ ತಳ್ಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ಅರ್ಧ ವೇಗಕ್ಕೆ ತಾತ್ವಿಕವಾಗಿ ಎಂಟನೇ ಒಂದು ಪಾಲು ಸಾಕು. ಸಣ್ಣ ರೆಕ್ಕೆ ಜೋರಾಗಿ ತಿರುಗುವುದಕ್ಕಿಂತ ದೊಡ್ಡ ರೆಕ್ಕೆ ನಿಧಾನವಾಗಿ ತಿರುಗಿದರೆ ಸದ್ದೂ ಕಡಿಮೆ, ಖರ್ಚೂ ಕಡಿಮೆ.

ಮೂರನೆಯದು ತಂತಿ ಮತ್ತು ಫ್ಯೂಸು. 230ರಲ್ಲಿ ಒಂದು ವೋಲ್ಟು ದಾರಿಯಲ್ಲಿ ಕಳೆದುಹೋದರೆ ಯಾರಿಗೂ ತಿಳಿಯದು. 12ರಲ್ಲಿ ಒಂದು ಹೋದರೆ ಫ್ಯಾನು ಸೊರಗುತ್ತದೆ. ತಂತಿ ದಪ್ಪ ಇರಬೇಕು, ದಾರಿ ಚಿಕ್ಕದಿರಬೇಕು. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಫ್ಯೂಸು ಇರಬೇಕು. ವೋಲ್ಟೇಜು ಕಡಿಮೆಯಾದರೂ ಶಾರ್ಟಾದಾಗ ಬ್ಯಾಟರಿಯಿಂದ ನುಗ್ಗುವ ಕರೆಂಟು ತಂತಿಯನ್ನು ಕೆಂಪಗೆ ಕಾಯಿಸಬಲ್ಲದು.

ನಾಲ್ಕನೆಯದು ಜಾಗ. ಬಿಸಿಲಿಗೆ ಕಾದ ಬಂಡಿಗೆ ಸೂರಿನಿಂದ ಹೊರತಳ್ಳುವ ಫ್ಯಾನು ಬೇಕು. ಮಲಗಿದವರಿಗೆ ಮೈಮೇಲೆ ಬೀಸುವ ಫ್ಯಾನು ಬೇಕು. ಒಂದು ಇನ್ನೊಂದರ ಕೆಲಸ ಮಾಡದು. ಬೀಸುವ ಗಾಳಿ ಚರ್ಮಕ್ಕಿಂತ ಬಿಸಿಯಾಗಿದ್ದು, ಬೆವರೂ ಆರದಷ್ಟು ಹವೆ ತೇವವಾಗಿದ್ದರೆ ಯಾವ ಫ್ಯಾನೂ ತಂಪು ತರಲಾರದು. ಗಾಳಿ ಒಣದಾಗಿದ್ದರೆ ಫ್ಯಾನಿನೆದುರು ತೂಗಿದ ಒದ್ದೆ ಬಟ್ಟೆಯೊಂದು, ಲಾವಂಚದ ತಟ್ಟಿಯ ಹಾಗೆ, ಇಂದಿಗೂ ಕೆಲಸಕ್ಕೆ ಬರುತ್ತದೆ.